ನೀರು ಸುರಿಯುವ ಕಣ್ಣು 'ಒಣಗಿದೆ' ಅಂದರೆ ನವಲಗುಂದದಲ್ಲಿ ಯಾರು ನಂಬ್ತಾರೆ?

ಹೋದ ವರ್ಷ ಕಡಲೆ ರಾಶಿ ಮುಗಿದ ಹೊತ್ತಿಗೆ ನವಲಗುಂದ ತಾಲ್ಲೂಕಿನ ನಮ್ಮೂರಿಗೆ ಹೋಗಿದ್ದೆ. ಚಿಗವ್ವ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. "ಕಣ್ಣಾಗ ಉಸುಕು ಬಿದ್ದಂಗ ಆಗ್ತೈತಿ ತಮ್ಮಾ. ಗಾಳಿ ಬಡದ್ರ ಸಾಕು, ನೀರು ದಳದಳ ಸುರೀತಾವ" ಅಂದಳು. ಔಷಧ ಏನಾದರೂ ಹಾಕ್ತೀಯಾ ಅಂದರೆ ಗೂಡಿನಿಂದ ಒಂದು ಪುಟ್ಟ ಬಾಟಲಿ ತಂದು ಕೊಟ್ಟಳು. ಔಷಧದ ಅಂಗಡಿಯಲ್ಲಿ "ಕಣ್ಣು ಕೆಂಪಾಗ್ಯಾವ" ಅಂದಿದ್ದಕ್ಕೆ ಕೊಟ್ಟಿದ್ದಂತೆ. ಚೀಟಿ ಇಲ್ಲ, ತಪಾಸಣೆ ಇಲ್ಲ. ಹಾಕಿದ ಎರಡೇ ದಿನಕ್ಕೆ ಕೆಂಪು ಹೋಗಿತ್ತು, ಹಾಗಾಗಿ ಎಂಟು ತಿಂಗಳಿಂದ ಅದೇ ನಡೆದಿತ್ತು. ಲೇಬಲ್ ಓದಿದೆ. ಡೆಕ್ಸಾಮೆಥಾಸೋನ್, ಜೊತೆಗೊಂದು ಆ್ಯಂಟಿಬಯಾಟಿಕ್. ಅಂದರೆ ಸ್ಟಿರಾಯ್ಡ್.

ಮರುದಿನವೇ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರು ಕೆಳರೆಪ್ಪೆಗೆ ಕಾಗದದ ಸಣ್ಣ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು, ಹಳದಿ ಬಣ್ಣ ಹಾಕಿ ಯಂತ್ರದಲ್ಲಿ ನೋಡಿದರು, ಕಣ್ಣಿನ ಒತ್ತಡ ಅಳೆದರು. ಎರಡು ಸಂಗತಿ ಹೇಳಿದರು. ಕಣ್ಣು ಒಣಗಿವೆ. ಒಣಗಿದ್ದಕ್ಕೆ ಹಾಕಿಕೊಂಡ ಔಷಧದಿಂದ ಒತ್ತಡ ಏರಿದೆ. ಎರಡನೆಯದು ಕೇಳಿ ನನಗೆ ಹೆದರಿಕೆಯಾಯಿತು. ಚಿಗವ್ವ ಮೊದಲನೆಯದು ಕೇಳಿ ನಕ್ಕುಬಿಟ್ಟಳು. "ಒಣಗ್ಯಾವಂತ! ಹಂಗಾದ್ರ ಇಷ್ಟ ನೀರು ಎಲ್ಲಿಂದ ಬರ್ತಾವ?"

ಅವಳ ಪ್ರಶ್ನೆ ಸರಿಯಾಗಿಯೇ ಇದೆ. ಅದಕ್ಕೆ ಉತ್ತರ ಗೊತ್ತಿಲ್ಲದ ಕಾರಣಕ್ಕೇ ಎಷ್ಟೋ ಜನ ತಪ್ಪು ಔಷಧ ಹಾಕಿಕೊಳ್ಳುತ್ತಿದ್ದಾರೆ.

ಕಣ್ಣಿನ ಮೇಲೆ ಸದಾ ಹರಡಿಕೊಂಡಿರುವ ಕಣ್ಣೀರಿನ ಪದರ ಕೆಲವೇ ಮೈಕ್ರಾನ್ ದಪ್ಪ. ಅದು ಬರೀ ಉಪ್ಪುನೀರಲ್ಲ. ಕೆಳಗೆ ಲೋಳೆ, ನಡುವೆ ನೀರು, ಮೇಲೆ ಎಣ್ಣೆ. ಲೋಳೆ ನೀರನ್ನು ಕಣ್ಣಿಗೆ ಅಂಟಿಸಿ ಹಿಡಿಯುತ್ತದೆ, ಎಣ್ಣೆ ಅದು ಆವಿಯಾಗದಂತೆ ತಡೆಯುತ್ತದೆ. ಈ ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿ ಕೂತಿರುವ ಮೈಬೋಮಿಯನ್ ಗ್ರಂಥಿಗಳಿಂದ. ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಇರುತ್ತವೆ. ಪ್ರತಿ ಸಲ ಕಣ್ಣು ಮಿಟುಕಿಸಿದಾಗ ಒಂದಿಷ್ಟು ಎಣ್ಣೆ ಹಿಂಡಿ ಬಂದು ಹರಡುತ್ತದೆ.

ಎರಿ ಹೊಲ ಮಾಡುವವರಿಗೆ ಇದನ್ನು ಹೇಳಲು ವಿಜ್ಞಾನದ ಪುಸ್ತಕ ಬೇಕಿಲ್ಲ. ಹಿಂಗಾರಿಯ ಬಿಳಿಜೋಳ, ಕಡಲೆ ಬೆಳೆಯೋದು ಮಳೆಯ ಮೇಲಲ್ಲ, ನೆಲ ಹಿಡಿದಿಟ್ಟುಕೊಂಡ ಹಸಿಯ ಮೇಲೆ. ಎಡೆ ಹೊಡೆದು ಮೇಲಿನ ಮಣ್ಣು ಸಡಿಲ ಮಾಡೋದು ಆ ಹಸಿ ಆರಿಹೋಗಬಾರದು ಅಂತ. ಕಣ್ಣಿನ ಎಣ್ಣೆ ಪದರದ ಕೆಲಸವೂ ಅದೇ. ಹೊಲ ಒಣಗುವುದಕ್ಕೆ ಮಳೆ ಕಡಿಮೆಯಾಗಿದ್ದೇ ಕಾರಣ ಆಗಬೇಕಿಲ್ಲ, ಇದ್ದ ಹಸಿ ಹಾರಿಹೋದರೂ ಆದೀತು. ಕಣ್ಣೂ ಎರಡು ರೀತಿ ಒಣಗುತ್ತದೆ: ನೀರು ಕಡಿಮೆ ಬಂದು, ಇಲ್ಲವೇ ಬಂದ ನೀರು ನಿಲ್ಲದೆ. ಎರಡನೆಯದೇ ಹೆಚ್ಚು. ಎಷ್ಟೋ ಜನರಲ್ಲಿ ಎರಡೂ ಕೂಡಿಕೊಂಡಿರುತ್ತವೆ.

ಇನ್ನು ಆ ಸುರಿಯುವ ನೀರು. ಪದರ ಹರಿದು ಕಣ್ಣಿನ ಮೇಲ್ಮೈ ಬಯಲಾದ ಕೂಡಲೇ ಅಲ್ಲಿನ ನರಗಳು ಮಿದುಳಿಗೆ ದೂರು ಕೊಡುತ್ತವೆ. ಮಿದುಳು ದೊಡ್ಡ ಗ್ರಂಥಿಗೆ ನೀರು ಬಿಡು ಅನ್ನುತ್ತದೆ. ಅದು ಈರುಳ್ಳಿ ಹೆಚ್ಚಿದಾಗ ಬರುವಂಥ ನೀರು, ಎಣ್ಣೆ-ಲೋಳೆಯ ಹದ ಅದರಲ್ಲಿಲ್ಲ. ಹಾಗಾಗಿ ಕಣ್ಣಿಗೆ ಹಿಡಿಯದೆ ಕೆನ್ನೆಗಿಳಿಯುತ್ತದೆ. ಬೆಣ್ಣಿಹಳ್ಳ ಉಕ್ಕಿ ಹರಿಯಿತು ಅಂದಮಾತ್ರಕ್ಕೆ ಹೊಲಕ್ಕೆ ಹಸಿ ಹಿಡಿಯಿತು ಅಂತ ಅಲ್ಲವಲ್ಲ. ಚಿಗವ್ವನಿಗೆ ಹೀಗೇ ಹೇಳಿದೆ. "ಹಂಗನ್ನು ಮತ್ತ" ಅಂದಳು.

ಡಾಕ್ಟರು ಇಟ್ಟ ಕಾಗದದ ಪಟ್ಟಿಗೆ ಶಿರ್ಮರ್ ಪರೀಕ್ಷೆ ಅನ್ನುತ್ತಾರೆ. 1903ರಲ್ಲಿ ಜರ್ಮನಿಯ ಕಣ್ಣಿನ ಡಾಕ್ಟರ್ ಆಟೋ ಶಿರ್ಮರ್ ರೂಪಿಸಿದ್ದು. ಐದು ನಿಮಿಷದಲ್ಲಿ ಪಟ್ಟಿ ಎಷ್ಟು ಮಿಲಿಮೀಟರ್ ಒದ್ದೆಯಾಯಿತು ಅನ್ನುವುದೇ ಲೆಕ್ಕ, 5ಕ್ಕಿಂತ ಕಡಿಮೆ ಇದ್ದರೆ ನೀರು ತೀರಾ ಕಡಿಮೆ. ಹಳದಿ ಬಣ್ಣದ ಪರೀಕ್ಷೆ ಪದರದ ಬಾಳಿಕೆ ಅಳೆಯುವುದು. ಕಣ್ಣು ಮಿಟುಕಿಸದೆ ಬಿಟ್ಟರೆ ಪದರ 10 ಸೆಕೆಂಡಿನೊಳಗೆ ಒಡೆಯುತ್ತದಾದರೆ ಅದು ಒಣ ಕಣ್ಣಿನ ಗುರುತು. ಎರಡಕ್ಕೂ ದುಬಾರಿ ಯಂತ್ರ ಬೇಕಿಲ್ಲ. ಕಾಗದದ ಪಟ್ಟಿ, ಬಣ್ಣದ ಪಟ್ಟಿ, ಮತ್ತೆ ಕಣ್ಣಿನ ಡಾಕ್ಟರ ಮೇಜಿನ ಮೇಲೆ ಹೇಗೂ ಇರುವ ಸ್ಲಿಟ್ ಲ್ಯಾಂಪ್. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಟಿಎಂ ಮುಂದೆ ನಿಂತಾಗ ಕಣ್ಣು ಉರಿಯುತ್ತದೆಯೇ?

ಡ್ರೈ ಐ ಅಂತ ಹುಡುಕಿದರೆ ಬರುವ ಚಿತ್ರ ನಿಮಗೂ ಗೊತ್ತು. ಲ್ಯಾಪ್‌ಟಾಪ್ ಮುಂದೆ ಕಣ್ಣುಜ್ಜಿಕೊಳ್ಳುವ ಐಟಿ ಉದ್ಯೋಗಿ. ಸುಳ್ಳೇನಲ್ಲ. ನಿಮಿಷಕ್ಕೆ ಸುಮಾರು 15 ಸಲ ಮಿಟುಕುವ ಕಣ್ಣು ಪರದೆ ನೋಡುವಾಗ ಅದರ ಅರ್ಧಕ್ಕೋ ಇನ್ನೂ ಕೆಳಕ್ಕೋ ಇಳಿಯುತ್ತದೆ. ಮಿಟುಕಿದರೂ ಪೂರ್ತಿ ಮುಚ್ಚುವುದಿಲ್ಲ, ಎಣ್ಣೆ ಹಿಂಡುವುದಿಲ್ಲ. ಬೆಂಗಳೂರಿನಲ್ಲಿ ಕೋಡಿಂಗ್ ಮಾಡಿಕೊಂಡಿದ್ದ ಮೂರು ವರ್ಷ ನಾನೂ ಆ ಚಿತ್ರದಲ್ಲಿದ್ದವನೇ. ಧಾರವಾಡದ ಸಪ್ತಾಪುರದಲ್ಲಿ ಕೆಪಿಎಸ್‌ಸಿಗೂ ಪಿಎಸ್‌ಐಗೂ ಓದುತ್ತಾ, ಫ್ಯಾನಿನ ಕೆಳಗೆ ಮೊಬೈಲಿನಲ್ಲಿ ಪಿಡಿಎಫ್ ನೋಡುತ್ತಾ ರಾತ್ರಿ ಕಳೆಯುವ ನಮ್ಮ ಹಳ್ಳಿ ಹುಡುಗ-ಹುಡುಗಿಯರೂ ಅದರಲ್ಲಿದ್ದಾರೆ, ಅವರ ಫೋಟೊ ಯಾರೂ ಹಾಕುವುದಿಲ್ಲ ಅಷ್ಟೇ.

ಆದರೆ ಈ ಚಿತ್ರ ರೋಗವನ್ನು ಅಳೆಯುವ ಅಳತೆಗೋಲಿನೊಳಗೂ ನುಸುಳಿದೆ. ಜಗತ್ತಿನಾದ್ಯಂತ ಒಣ ಕಣ್ಣಿನ ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಸುವ ಪ್ರಶ್ನಾವಳಿ ಓಎಸ್‌ಡಿಐ. ಒಟ್ಟು 12 ಪ್ರಶ್ನೆ. ಓದುವಾಗ ತೊಂದರೆಯೇ? ರಾತ್ರಿ ವಾಹನ ಓಡಿಸುವಾಗ? ಕಂಪ್ಯೂಟರ್ ಇಲ್ಲವೇ ಎಟಿಎಂ ಬಳಸುವಾಗ? ಟಿವಿ ನೋಡುವಾಗ? ಎಸಿ ಇರುವ ಜಾಗದಲ್ಲಿ? ಗಾಳಿಯ ಬಗ್ಗೆ ಒಂದು ಪ್ರಶ್ನೆ ಇದೆ, ಪುಣ್ಯ. ಹತ್ತಿ ಬಿಡಿಸುವಾಗ, ಒಲೆ ಊದುವಾಗ, ರಾಶಿ ಮಷಿನ್ನಿಗೆ ಸಿವುಡು ಹಾಕುವಾಗ ಅಂತ ಒಂದೂ ಇಲ್ಲ. 'ನನಗೆ ಅನ್ವಯಿಸುವುದಿಲ್ಲ' ಅನ್ನುವ ಆಯ್ಕೆ ಇದೆ, ಆ ಪ್ರಶ್ನೆ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಒಂದು ಕಡೆಯ ವಾತಾವರಣಕ್ಕೆ ಹೊಂದಿಸಿದ ಸೆನ್ಸರನ್ನು ಇನ್ನೊಂದು ಕಡೆ ತಂದು ಇಟ್ಟರೆ ಅದು ಕೊಡುವ ಅಂಕಿಯನ್ನು ಎಷ್ಟು ನಂಬಬೇಕು ಅಂತ ಎಂಜಿನಿಯರಿಂಗ್ ಓದಿದ ಯಾರನ್ನಾದರೂ ಕೇಳಿ.

ಹೊರಗೆ ದುಡಿಯುವವರನ್ನು ಗಮನಿಸಿದ ಒಂದು ಹಳೇ ಭಾರತೀಯ ಅಧ್ಯಯನವಿದೆ. ಜೈಪುರದ ಆಸ್ಪತ್ರೆಯೊಂದಕ್ಕೆ ಬಂದ 500 ರೋಗಿಗಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ್ದು. ಒಟ್ಟಾರೆ ಶೇ 18.4 ಮಂದಿಗೆ ಒಣ ಕಣ್ಣು ಇತ್ತು. ಹೆಂಗಸರಲ್ಲಿ ಶೇ 22.8, ಗಂಡಸರಲ್ಲಿ ಶೇ 14.9. ಕಸುಬಿನ ಪ್ರಕಾರ ನೋಡಿದರೆ ಎಲ್ಲರಿಗಿಂತ ಮೇಲಿದ್ದವರು ರೈತರು ಮತ್ತು ಕೂಲಿಗಳು: ಶೇ 25.3. ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಊರಿನ ಲೆಕ್ಕವಲ್ಲ. ನಮ್ಮ ಜಿಲ್ಲೆಯದಂತೂ ಅಲ್ಲ. ಆದರೂ ದಿಕ್ಕು ಯಾವ ಕಡೆ ಅಂತ ಗೊತ್ತಾಗುತ್ತದೆ.

ನಮ್ಮ ಕಡೆಯ ವರ್ಷವನ್ನು ಕಣ್ಣಿನ ಕಡೆಯಿಂದ ನೋಡಿ. ಮುಂಗಾರಿನಲ್ಲಿ ಮಳೆಗಿಂತ ಗಾಳಿಯೇ ಜೋರು. ಹೆಸರು ರಾಶಿಯ ಧೂಳು. ಆಮೇಲೆ ಅಣ್ಣಿಗೇರಿ, ಕುಂದಗೋಳದ ಕಡೆ ಮೆಣಸಿನಕಾಯಿ ಬಿಡಿಸುವುದು, ಒಣಗಿಸುವುದು, ತೊಟ್ಟು ಮುರಿಯುವುದು. ಎಲ್ಲ ಬಹುತೇಕ ಹೆಂಗಸರ ಕೆಲಸ, ಘಾಟು ನೇರ ಕಣ್ಣಿಗೆ. ಹತ್ತಿಯ ನವಿರು ಎಳೆ, ಔಷಧ ಹೊಡೆಯುವಾಗಿನ ತುಂತುರು. ಕಡಲೆ ಗಿಡದ ಮೇಲಿನ ಹುಳಿ ಗೊತ್ತಲ್ಲ, ನಸುಕಿನಲ್ಲಿ ಬಟ್ಟೆ ಹಾಸಿ ಹಿಂಡಿಕೊಳ್ಳುತ್ತಿದ್ದದ್ದು. ಅದರಲ್ಲಿರುವುದು ಮ್ಯಾಲಿಕ್, ಆಕ್ಸಾಲಿಕ್ ಆಮ್ಲ. ಕಡಲೆ ಕಿತ್ತ ಕೈಯಲ್ಲೇ ಕಣ್ಣುಜ್ಜಿಕೊಂಡರೆ ಏನಾಗುತ್ತದೆ ಅಂತ ಊರಿನ ಮಕ್ಕಳಿಗೂ ಗೊತ್ತು. ಕೊನೆಗೆ ಕಡಲೆ ರಾಶಿ: ಮಷಿನ್ ಮುಂದೆ ದಿನಗಟ್ಟಲೆ ಹೊಟ್ಟು. ಕಲಘಟಗಿ ಕಡೆ ಹೋದರೆ ಎರಿ ಇಲ್ಲ, ಭತ್ತ ಮತ್ತು ಕಾಡು. ಅಲ್ಲಿ ಕಣ್ಣಿಗೆ ಕುತ್ತು ತರೋದು ಹಸಿ ಕಟ್ಟಿಗೆಯ ಹೊಗೆ. 2016ರಲ್ಲಿ ಶುರುವಾದ ಉಜ್ವಲದ ಸಿಲಿಂಡರ್ ಮನೆಯಲ್ಲಿದ್ದರೂ ನೀರು ಕಾಯಿಸುವುದು, ರೊಟ್ಟಿ ಬಡಿಯುವುದು ಒಲೆಯ ಮೇಲೆಯೇ ಆಗಿರುವ ಮನೆಗಳು ನಿಮ್ಮೂರಲ್ಲೂ ಇದ್ದಾವು.

1948ರ ಕಾರ್ಖಾನೆ ಕಾಯ್ದೆಯ 35ನೇ ಕಲಮು, ಚೂರು ಹಾರುವ ಕೆಲಸ ಮಾಡುವವರಿಗೆ ಕಣ್ಣಿನ ಪರದೆ ಇಲ್ಲವೇ ಗಾಗಲ್ಸ್ ಕೊಡಿಸುವ ಅವಕಾಶ ಬರೆದಿಟ್ಟಿತ್ತು. ರಾಶಿ ಮಷಿನ್ ಮುಂದಿನ ಕೂಲಿಗೆ ಅದು ಅನ್ವಯಿಸುತ್ತಿರಲಿಲ್ಲ. ಅವಳಿಗಿರುವುದು ಸೆರಗು.

ಹೆಂಗಸರ ಸಂಖ್ಯೆ ಹೆಚ್ಚಿರುವುದಕ್ಕೆ ಕೆಲಸವೊಂದೇ ಕಾರಣವಲ್ಲ, ಹಾರ್ಮೋನೂ ಇದೆ. ಮುಟ್ಟು ನಿಂತ ಮೇಲೆ ಕಣ್ಣಿನ ಎಣ್ಣೆ, ನೀರು ಎರಡೂ ಏರುಪೇರಾಗುತ್ತವೆ. ಅಂಡಾಶಯವನ್ನೂ ಸೇರಿಸಿ ತೆಗೆದರೆ ಆ ಸ್ಥಿತಿ ಮೂವತ್ತು-ನಲವತ್ತರ ವಯಸ್ಸಿಗೇ ಬರುತ್ತದೆ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ವಿರುದ್ಧ ಕಲಬುರಗಿಯಲ್ಲಿ, ನಮ್ಮ ಪಕ್ಕದ ಹಾವೇರಿ ಜಿಲ್ಲೆಯಲ್ಲಿ ಹೆಣ್ಣುಮಕ್ಕಳು ಬೀದಿಗಿಳಿದದ್ದು ನೆನಪಿರಬಹುದು. ಆಗಿನ ಚರ್ಚೆಯಲ್ಲಿ ಕಣ್ಣಿನ ಮಾತು ಬಂದದ್ದು ನಾನಂತೂ ಕೇಳಿಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್, ನೆಗಡಿ-ಅಲರ್ಜಿಗೆ ನುಂಗುವ ಮಾತ್ರೆ ಕೂಡ ಕಣ್ಣು ಒಣಗಿಸಬಹುದು. ಕಣ್ಣಿನ ಜೊತೆ ಬಾಯಿಯೂ ಒಣಗಿ, ಖಡಕ್ ರೊಟ್ಟಿ ನುಂಗಲು ತುತ್ತಿಗೊಂದು ಗುಟುಕು ನೀರು ಬೇಕಾಗುತ್ತಿದ್ದರೆ, ಕೀಲೂ ನೋಯುತ್ತಿದ್ದರೆ, ಅದನ್ನು ಡಾಕ್ಟರಿಗೆ ಹೇಳಲೇಬೇಕು. ಶೋಗ್ರೆನ್ ಅನ್ನುವ, ದೇಹ ತನ್ನ ಗ್ರಂಥಿಗಳ ಮೇಲೆ ತಾನೇ ದಾಳಿ ಮಾಡುವ ಕಾಯಿಲೆ ಇರಬಹುದು.

ಆಪರೇಶನ್ ಇಲ್ಲದ ರೋಗಕ್ಕೆ ಶಿಬಿರವೂ ಇಲ್ಲ

ಉತ್ತರ ಕರ್ನಾಟಕಕ್ಕೆ ಕಣ್ಣಿನ ವೈದ್ಯದ ದೊಡ್ಡ ಪರಂಪರೆಯಿದೆ. ಬೀಳಗಿಯ ಡಾ. ಎಂ.ಸಿ. ಮೋದಿ (1916-2005) ಊರೂರಿಗೆ ಹೋಗಿ ಸಾಮೂಹಿಕ ಶಿಬಿರಗಳಲ್ಲಿ ಪೊರೆ ತೆಗೆದವರು. ಹುಬ್ಬಳ್ಳಿಯಲ್ಲಿ ಎಂ.ಎಂ. ಜೋಶಿ ನೇತ್ರ ಸಂಸ್ಥೆ ಇದೆ, ನಾವು ಈಗಲೂ ಕಿಮ್ಸ್ ಅಂತಲೇ ಕರೆಯುವ ಸರ್ಕಾರಿ ಆಸ್ಪತ್ರೆಯಿದೆ. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಬೆನ್ನೆಲುಬೂ ಪೊರೆಯ ಶಸ್ತ್ರಚಿಕಿತ್ಸೆಯೇ. ಅದು ತಪ್ಪಲ್ಲ. 2015-19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ದಾಟಿದವರ ಕುರುಡುತನದಲ್ಲಿ ಶೇ 66.2ಕ್ಕೆ ಪೊರೆ ಕಾರಣ. ಮಕ್ಕಳಲ್ಲಿ ಎ ಜೀವಸತ್ವದ ಕೊರತೆಯಿಂದ ಕಣ್ಣು ಒಣಗಿ ಕುರುಡಾಗುವುದನ್ನು ತಡೆಯಲು 1970ರಿಂದ ಕಾರ್ಯಕ್ರಮವಿದೆ, ಅದೂ ಫಲ ಕೊಟ್ಟಿದೆ.

ತೊಡಕು ಎಲ್ಲಿ ಅಂದರೆ, ದೊಡ್ಡವರ ಒಣ ಕಣ್ಣು ಸಾಮಾನ್ಯವಾಗಿ ಕುರುಡು ಮಾಡುವುದಿಲ್ಲ. ಉರಿಸುತ್ತದೆ, ಮಬ್ಬು ಮಾಡುತ್ತದೆ, ಗಾಳಿ ಬಿಟ್ಟ ದಿನ ಕೂಲಿ ತಪ್ಪಿಸುತ್ತದೆ. ಇದಕ್ಕೆ ಗುರಿ ಇಟ್ಟು ಎಣಿಸುವಂಥ ಆಪರೇಶನ್ ಇಲ್ಲ. ಆಯುಷ್ಮಾನ್ ಕಾರ್ಡ್ ಆಸ್ಪತ್ರೆಗೆ ಸೇರಿದವರ ಚಿಕಿತ್ಸೆಗೆ. ಒಣ ಕಣ್ಣಿನವರು ಎಂದೂ ಅಡ್ಮಿಟ್ ಆಗುವುದಿಲ್ಲ, ತಿಂಗಳು ತಿಂಗಳು ಹನಿ ಔಷಧ ಕೊಳ್ಳುತ್ತಾರೆ, ಅದು ಸ್ವಂತ ಜೇಬಿನದು. ರಾಜ್ಯದ ಆಶಾಕಿರಣ ಯೋಜನೆ ಮನೆಬಾಗಿಲಿಗೆ ಬಂದು ದೃಷ್ಟಿ ಪರೀಕ್ಷಿಸಿ ಉಚಿತ ಕನ್ನಡಕ ಕೊಡುತ್ತದೆ, ಒಳ್ಳೆಯದೇ. ಆದರೆ ಕಣ್ಣು ಉರಿಯುತ್ತದಾ ಅನ್ನುವ ಪ್ರಶ್ನೆಗೆ ಕನ್ನಡಕ ಉತ್ತರವಲ್ಲ. ಇನ್ನೊಂದು ವಿಚಿತ್ರ: ಪೊರೆಯ ಆಪರೇಶನ್ನಿನಲ್ಲಿ ಕಾರ್ನಿಯಾದ ಸಣ್ಣ ನರಗಳು ಕತ್ತರಿಸುವುದರಿಂದ ಕೆಲವು ವಾರ-ತಿಂಗಳು ಕಣ್ಣು ಒಣಗಬಹುದು. "ಆಪರೇಶನ್ ಆದಮ್ಯಾಲೆ ಚುಚ್ಚತೈತಿ" ಅನ್ನುವ ಅಜ್ಜ-ಅಜ್ಜಿಯರಿಗೆ ಆಪರೇಶನ್ ಕೆಟ್ಟಿಲ್ಲ, ಕಣ್ಣು ಒಣಗಿದೆ ಅಂತ ಹೇಳುವವರು ಬೇಕು.

ಸರ್ಕಾರ ಇಲ್ಲದ ಕಡೆ ಔಷಧದ ಅಂಗಡಿ ಬರುತ್ತದೆ. ಸ್ಟಿರಾಯ್ಡ್ ಹನಿ ಶೆಡ್ಯೂಲ್ ಎಚ್ ಔಷಧ, ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಲೇಬಲ್ಲಿನ ಮೂಲೆಯಲ್ಲಿ ಆರ್‌ಎಕ್ಸ್ ಗುರುತು ಇರುತ್ತದೆ. ಇದು ಉರಿಯೂತವನ್ನು ಎರಡೇ ದಿನಕ್ಕೆ ತಗ್ಗಿಸುತ್ತದೆ, ಅದಕ್ಕೇ ಜನ ನಂಬುತ್ತಾರೆ. ಕಣ್ಣಿನ ಡಾಕ್ಟರೂ ಇದನ್ನು ಬಳಸುತ್ತಾರೆ, ಆದರೆ ಕೆಲವೇ ವಾರ, ಒತ್ತಡ ನೋಡಿಕೊಂಡು. ವಾರಗಟ್ಟಲೆ ಹಾಕಿಕೊಂಡರೆ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ಏರುತ್ತದೆ, ನೂರಕ್ಕೆ ಐದಾರು ಜನರಿಗೆ ಬಹಳ ಏರುತ್ತದೆ. ಏರಿದ್ದು ಗೊತ್ತಾಗುವುದಿಲ್ಲ, ನೋವಿಲ್ಲ. ಒಳಗೆ ನರ ಸಾಯುತ್ತಾ ಹೋಗುತ್ತದೆ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಹೋದಂತೆಯೇ, ಯಾವ ಆಪರೇಶನ್ನೂ ಅದನ್ನು ತರುವುದಿಲ್ಲ. ಪೊರೆಯೂ ಬೇಗ ಬರುತ್ತದೆ. ಇನ್ನೂ ಅಪಾಯ ಹೊಲದಲ್ಲಿದೆ. ಜೋಳದ ಗರಿ ಕಣ್ಣಿಗೆ ಬಡಿದು ಗಾಯವಾದರೆ ಅದರಲ್ಲಿ ಬೂಷ್ಟು ಸೇರಿ ಹುಣ್ಣಾಗಬಹುದು, ಅದಕ್ಕೆ ಸ್ಟಿರಾಯ್ಡ್ ಹಾಕಿದರೆ ಬೂಷ್ಟಿಗೆ ಗೊಬ್ಬರ ಹಾಕಿದಂತೆ. ಕುರುಡು ಮಾಡದ ರೋಗ ಹೀಗೆ ಕುರುಡು ಮಾಡುವ ದಾರಿ ಹಿಡಿಯುತ್ತದೆ.

ಹಾಗಾದರೆ ಏನು ಮಾಡಬೇಕು?

ಮೊದಲು ಬಿಸಿ. ಅದೂ ಪುಕ್ಕಟೆ. ಎಣ್ಣೆ ಗ್ರಂಥಿ ಕಟ್ಟಿಕೊಂಡಿರುವವರಲ್ಲಿ ಎಣ್ಣೆ ಹೆಪ್ಪಾಗಿರುತ್ತದೆ. ಸ್ವಚ್ಛ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಕೈ ತಾಳುವಷ್ಟು ಬಿಸಿ ಇದ್ದಾಗ ಮುಚ್ಚಿದ ರೆಪ್ಪೆಯ ಮೇಲೆ ಐದರಿಂದ ಹತ್ತು ನಿಮಿಷ. ಆರುತ್ತಿದ್ದಂತೆ ಮತ್ತೆ ಅದ್ದಬೇಕು, ಇಲ್ಲದಿದ್ದರೆ ಉಪಯೋಗವಿಲ್ಲ. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ, ಕೂದಲಿನ ಸಾಲಿನ ಕಡೆ ಹಗುರಾಗಿ ನೀವಬೇಕು. ದಿನಾ, ವಾರಗಟ್ಟಲೆ. ಮೂರು ದಿನಕ್ಕೆ ಬಿಟ್ಟುಬಿಡುವವರೇ ಹೆಚ್ಚು, ನಾನೂ ಬಿಟ್ಟಿದ್ದೆ.

ಎರಡನೆಯದು ಕೃತಕ ಕಣ್ಣೀರು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅನ್ನುವುದು ಮೂಲ ಔಷಧದ ಹೆಸರು, ಉದ್ದ ಹೆಸರು ನೆನಪಿರದಿದ್ದರೆ ಸಿಎಂಸಿ ಅಂತ ಕೇಳಿ. ಜನೌಷಧಿ ಕೇಂದ್ರದಲ್ಲಿ ಮೊದಲು ವಿಚಾರಿಸಿ, ಬ್ರ್ಯಾಂಡ್ ಹೆಸರಿನದಕ್ಕಿಂತ ಅಗ್ಗ. ದಿನಕ್ಕೆ ನಾಲ್ಕಾರು ಸಲಕ್ಕಿಂತ ಹೆಚ್ಚು ಹಾಕಬೇಕಾಗಿ ಬಂದರೆ ಸಂರಕ್ಷಕ ಇಲ್ಲದ್ದು ಬೇಕು, ಯಾಕೆಂದರೆ ಬೆಂಜಾಲ್ಕೋನಿಯಂ ಕ್ಲೋರೈಡ್ ಅನ್ನುವ ಸಂರಕ್ಷಕ ತಾನೇ ಕಣ್ಣಿನ ಮೇಲ್ಮೈ ಕೆಡಿಸುತ್ತದೆ. ಬಾಟಲಿ ತೆರೆದ ತಿಂಗಳಿಗೆ ಎಸೆಯಬೇಕು, ಒಂದೇ ಬಾಟಲಿ ಮನೆಮಂದಿಗೆಲ್ಲ ಹಾಕಬಾರದು. ಇಷ್ಟಕ್ಕೆ ಬಗ್ಗದಿದ್ದರೆ ಸೈಕ್ಲೋಸ್ಪೋರಿನ್ ಹನಿ ಇದೆ, ಕಣ್ಣೀರು ಇಳಿದುಹೋಗುವ ರಂಧ್ರಕ್ಕೆ ಇಡುವ ಪುಟ್ಟ ಬಿರಡೆ ಇದೆ. ಅವೆಲ್ಲ ಕಣ್ಣಿನ ಡಾಕ್ಟರ ಕೆಲಸ. ಸೈಕ್ಲೋಸ್ಪೋರಿನ್ ಫಲ ಕಾಣಲು ತಿಂಗಳುಗಳೇ ಹಿಡಿಯುತ್ತವೆ, ಮೊದಮೊದಲು ಉರಿಯುತ್ತದೆ ಕೂಡ.

ಒಮೆಗಾ-3 ಮಾತ್ರೆಗೆ ದುಡ್ಡು ಹಾಕುವ ಮೊದಲು ಇದು ಗೊತ್ತಿರಲಿ: ಅಮೆರಿಕದಲ್ಲಿ 535 ರೋಗಿಗಳ ಮೇಲೆ ಒಂದು ವರ್ಷ ನಡೆದ 'ಡ್ರೀಮ್' ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮೀನೆಣ್ಣೆ ನುಂಗಿದವರಿಗೂ ಬರೀ ಆಲಿವ್ ಎಣ್ಣೆ ನುಂಗಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಜೇನು, ತಾಯಿ ಎದೆಹಾಲು, ಔಡಲೆಣ್ಣೆ ಕಣ್ಣೊಳಗೆ ಹಾಕುವುದು ಬೇಡವೇ ಬೇಡ, ಅವು ಸೋಂಕುರಹಿತವಲ್ಲ. ಮುಚ್ಚಿದ ಕಣ್ಣಿನ ಮೇಲೆ ನಂದಿಬಟ್ಟಲು ಹೂ ಇಟ್ಟುಕೊಂಡು ಮಲಗುವ ಅಜ್ಜಿಯ ಜೊತೆ ಮಾತ್ರ ನನಗೆ ಜಗಳವಿಲ್ಲ. ಕಣ್ಣಿಗೆ ಪೆಟ್ಟು ಬಿದ್ದು ನೋವಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ದೃಷ್ಟಿ ಒಮ್ಮೆಲೇ ಮಬ್ಬಾದರೆ ಅದು ಒಣ ಕಣ್ಣಲ್ಲ. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಇಷ್ಟು ಮಾಡಲು ತಾಲ್ಲೂಕು ಆಸ್ಪತ್ರೆಗೆ ಏನು ಬೇಕು ಲೆಕ್ಕ ಹಾಕಿ. ಕಾಗದದ ಪಟ್ಟಿ, ಬಣ್ಣದ ಪಟ್ಟಿ, ಸಿಎಂಸಿ ಹನಿ ಉಚಿತವಾಗಿ. ಕಣ್ಣು ತಪಾಸಣೆಗೆ ಮನೆಗೆ ಬರುವವರ ಫಾರ್ಮಿನಲ್ಲಿ ಇನ್ನೆರಡು ಪ್ರಶ್ನೆ: ಉಸುಕು ಬಿದ್ದಂತೆ ಆಗುತ್ತದೆಯೇ, ಈಗ ಯಾವ ಹನಿ ಹಾಕುತ್ತಿದ್ದೀರಿ, ಬಾಟಲಿ ತೋರಿಸಿ. ಎರಡನೇ ಪ್ರಶ್ನೆಯೊಂದನ್ನೇ ಕೇಳಿದರೂ ಎಷ್ಟು ಗೂಡುಗಳಿಂದ ಎಷ್ಟು ಸ್ಟಿರಾಯ್ಡ್ ಬಾಟಲಿ ಹೊರಬೀಳುತ್ತವೋ. ಔಷಧ ನಿಯಂತ್ರಣ ಇಲಾಖೆಗೆ ಶೆಡ್ಯೂಲ್ ಎಚ್ ಜಾರಿ ಮಾಡುವ ಅಧಿಕಾರ ಈಗಾಗಲೇ ಇದೆ, ಹೊಸ ಕಾನೂನೇನೂ ಬೇಕಿಲ್ಲ. 1980ರಲ್ಲಿ ನೀರಿನ ಕರಕ್ಕೆ, ಆಮೇಲೆ ಮಹದಾಯಿಗೆ ರಸ್ತೆಗಿಳಿದ ತಾಲ್ಲೂಕು ನಮ್ಮದು. ಗ್ರಾಮಸಭೆಯಲ್ಲಿ ಎದ್ದು ನಿಂತು ಕಣ್ಣಿನ ಹನಿ ಕೇಳೋದು ಅಷ್ಟೇನೂ ಕಷ್ಟವಲ್ಲ.

ಚಿಗವ್ವನ ಒತ್ತಡ ಸ್ಟಿರಾಯ್ಡ್ ಬಿಟ್ಟ ಮೇಲೆ ಇಳಿಯಿತು. ನರಕ್ಕೆ ಹಾನಿಯಾಗಿಲ್ಲ ಅಂದಿದ್ದಾರೆ, ಆದರೆ ಆರು ತಿಂಗಳಿಗೊಮ್ಮೆ ತೋರಿಸಬೇಕು. ಬಿಸಿ ಬಟ್ಟೆಯನ್ನು ಸಂಜೆ ರೊಟ್ಟಿ ಬಡಿದ ಮೇಲೆ, ಒಲೆಯ ಮೇಲಿನ ನೀರು ಇನ್ನೂ ಬಿಸಿ ಇರುವಾಗಲೇ ಇಟ್ಟುಕೊಳ್ಳುತ್ತಾಳೆ. ಗಾಳಿ ಬಿಟ್ಟ ದಿನ ಕಣ್ಣು ಈಗಲೂ ಚುಚ್ಚುತ್ತವೆ, ಮೊದಲಿನಷ್ಟಲ್ಲ. ಈ ಸಲದ ಹೆಸರು ರಾಶಿಗೆ ಬದಿ ಮುಚ್ಚಿದ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಂಡು ಹೋಗಿದ್ದಳು. ಮೊದಲ ದಿನ ಉಳಿದ ಹೆಂಗಸರು "ಸಿನಿಮಾದಾಕಿ ಬಂದ್ಳು ನೋಡ್ರಿ" ಅಂತ ನಕ್ಕರಂತೆ. ಮೂರನೇ ದಿನ ಫೋನ್ ಮಾಡಿದಳು: "ತಮ್ಮಾ, ಇಂಥಾವು ಇನ್ನ ನಾಕ ಚಾಳೀಸ ತಗೊಂಡ ಬಾ. ರೊಕ್ಕ ಕೊಡ್ತಾರಂತ."